ಬುತ್ತಿ ಕಟ್ಟುವ ತಾಯಿಮೀನು

ಆಷಾಢದ ಒಂದು ರಾತ್ರಿ ಭದ್ರಾ ನಾಲೆಯ ಬದಿಯ ಖಾಸಗಿ ಮೀನುಮರಿ ಕೇಂದ್ರವೊಂದರಲ್ಲಿ ಕಳೆದಿದ್ದೆ. ಜಿಟಿಜಿಟಿ ಮಳೆ. ಸಂಜೆ ಏಳಕ್ಕೆ ಮೊಟ್ಟೆಯಿಡಿಸುವ ಸೂಜಿ ಹಾಕಿ ದುಂಡು ತೊಟ್ಟಿಗಳಿಗೆ ಬಿಟ್ಟಿದ್ದ ರೋಹು ಮೀನುಗಳು ನಡುರಾತ್ರಿಯವರೆಗೂ ಸುಮ್ಮನೆ ಸುತ್ತುತ್ತಿದ್ದವು. ಬೆಳಗಿನ ಜಾವ ನಾಲ್ಕರ ಸುಮಾರಿಗೆ ನೀರು ಒಮ್ಮೆಲೇ ಕುದಿದಂತಾಯಿತು. ಗಂಡುಗಳು ಹೆಣ್ಣಿನ ಪಕ್ಕೆಗೆ ಒತ್ತಿಕೊಂಡು ಓಡುತ್ತಿದ್ದವು, ಬಾಲ ಬಡಿದ ಸಪ್ಪಳಕ್ಕೆ ಶೆಡ್ಡಿನಲ್ಲಿ ಮಲಗಿದ್ದ ನಾಯಿ ಎದ್ದು ಕೂತಿತು. ಹೊತ್ತು ಮೂಡುವಷ್ಟರಲ್ಲಿ ಗಲಾಟೆ ಮುಗಿದು, ತೊಟ್ಟಿಯ ತುಂಬ ನೆನೆಸಿದ ಸಬ್ಬಕ್ಕಿಯಂಥ ಮೊಟ್ಟೆಗಳು ತೇಲಾಡುತ್ತಿದ್ದವು.

ಕೆಲಸದ ಹುಡುಗ ಎರಡು ತೊಟ್ಟಿಗಳಿಂದಲೂ ಒಂದೊಂದು ಬಿಳಿ ತಟ್ಟೆಯಲ್ಲಿ ಮೊಟ್ಟೆ ಎತ್ತಿಕೊಂಡು ಬಂದ. ಮೊದಲ ತಟ್ಟೆಯಲ್ಲಿ ಎಲ್ಲವೂ ಗಾಜಿನ ಮಣಿಗಳು. ಒಂದೊಂದರ ಒಳಗೂ ಒಂದು ಸಣ್ಣ ಚುಕ್ಕೆ. ಎರಡನೆಯ ತಟ್ಟೆಯಲ್ಲಿ ಅರ್ಧಕ್ಕೂ ಹೆಚ್ಚು ಮೊಟ್ಟೆ ಹಾಲು ಬಿದ್ದಂತೆ ಮಬ್ಬಾಗಿತ್ತು. ಸತ್ತ ಮೊಟ್ಟೆಯ ಗುರುತು ಅದು.

‘ಈ ತೊಟ್ಟಿದು ಬೆಳ್ಳಗಾಗ್ಬಿಟ್ಟಾವಲ್ಲಣ್ಣ’ ಎಂದ ಹುಡುಗ.

ಯಜಮಾನರು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ‘ಅವು ಜೂನ್‌ನಾಗೆ ಕೆರೆ ಗುತ್ತಿಗೆಯವ್ರ ಹತ್ರ ತಂದವು ಕಣೋ. ಸೂಜಿ ಒಂದೇ, ನೀರು ಒಂದೇ. ತಿಂದಿದ್ದು ಬೇರೆ’ ಎಂದರು.

ಮೊದಲ ತೊಟ್ಟಿಯ ಮೀನುಗಳು ಅವರ ಮನೆ ಹಿಂದಿನ ಕೊಳದವು. ಸಂಕ್ರಾಂತಿಯಿಂದಲೇ ಅವಕ್ಕೆ ಬೇರೆ ಮೇವು. ಎರಡನೆಯವು ಯಾರದೋ ಕೆರೆಯಲ್ಲಿ ತೌಡು ತಿಂದು, ಮಾರುಕಟ್ಟೆಗೆಂದು ಬೆಳೆದವು. ತಾಯಿಮೀನು ಸಾಲದೇ ಬಂದಾಗ ಎಷ್ಟೋ ಮರಿ ಕೇಂದ್ರಗಳು ಹಂಗಾಮಿನ ಹೊಸ್ತಿಲಲ್ಲಿ ಹೀಗೆ ಮೀನು ಕೊಳ್ಳುತ್ತವೆ. ಹೊಟ್ಟೆ ಉಬ್ಬಿದ್ದರೆ ಸಾಕು, ಸೂಜಿ ಹಾಕಿದರೆ ಮೊಟ್ಟೆ ಬಂದೇ ಬರುತ್ತದೆ ಎಂಬ ಧೈರ್ಯ. ಮೊಟ್ಟೆಯೇನೋ ಬರುತ್ತದೆ. ಅದರೊಳಗೆ ಏನಿರುತ್ತದೆ ಎಂಬ ಪ್ರಶ್ನೆಯನ್ನು ಆ ಬೆಳಗಿನ ಬಿಳಿ ತಟ್ಟೆ ನನ್ನ ತಲೆಯಲ್ಲಿ ಬಿತ್ತಿತು.

ನಮ್ಮ ಮೀನು ಕೃಷಿಗೆ ಈ ಸೂಜಿಯ ಮೇಲೆ ಇಷ್ಟೊಂದು ನಂಬಿಕೆ ಬಂದಿದ್ದಕ್ಕೆ ಕಾರಣವಿದೆ. ರೋಹು, ಕಾಟ್ಲಾ, ಮೃಗಾಲ್ ಮೂರೂ ಹರಿವ ನದಿಯ ಮೀನುಗಳು. ಮುಂಗಾರಿನ ಹೊಸನೀರು ದಡ ಮೀರಿ ಹರಡಿದಾಗ ಮೇಲ್ಮುಖವಾಗಿ ಸಾಗಿ, ತೆಳುನೀರಿನಲ್ಲಿ ಮೊಟ್ಟೆಯಿಡುವುದು ಅವುಗಳ ರೂಢಿ. ನಿಂತ ನೀರಿನ ಕೊಳದಲ್ಲಿ ಅವು ಬಸುರಾಗುತ್ತವೆ, ಹೆರುವುದಿಲ್ಲ. ಹರಿವಿನ ಸೂಚನೆ ಸಿಗದೆ ಮೊಟ್ಟೆಗಳು ಒಡಲಲ್ಲೇ ಕರಗಿಹೋಗುತ್ತವೆ. ಹಾಗಾಗಿ ಹಿಂದೆ ಮೀನುಮರಿ ಬೇಕೆಂದರೆ ನದಿಗೇ ಬಲೆ ಕಟ್ಟಬೇಕಿತ್ತು. ಬಂಗಾಳದ ನದಿಗಳಲ್ಲಿ ಹಿಡಿದ ಮರಿಗಳು ಮಣ್ಣಿನ ಮಡಕೆಗಳಲ್ಲಿ ರೈಲು ಹತ್ತಿ ದೂರದ ಊರುಗಳಿಗೆ ಹೋಗುತ್ತಿದ್ದವು. ಮಡಕೆಯಲ್ಲಿ ರೋಹು ಎಷ್ಟಿದೆ, ಬೇಡದ ಮೀನು ಎಷ್ಟಿದೆ ಎಂಬುದು ಬೆಳೆದ ಮೇಲಷ್ಟೇ ತಿಳಿಯುವ ಸಂಗತಿ.

ಆ ಗಂಟನ್ನು ಬಿಡಿಸಿದವರು ಹೀರಾಲಾಲ್ ಚೌಧುರಿ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಅವರು ಮತ್ತು ಅವರ ಸಂಗಡಿಗರು, ಬೇರೆ ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ಅರೆದು, ಅದರ ಸಾರವನ್ನು ಚುಚ್ಚಿ ಕೊಳದ ಮೀನಿನಿಂದ ಮೊಟ್ಟೆ ಪಡೆದರು. ಜುಲೈ 10 ದೇಶದಲ್ಲಿ ಮೀನು ಕೃಷಿಕರ ದಿನವಾಗಿರುವುದು ಇದರ ನೆನಪಿಗೇ. ಆಮೇಲಿನ ಮೂರು ದಶಕ ಮೀನು ಮಾರುಕಟ್ಟೆಗಳಲ್ಲಿ ತಲೆ ಸೀಳಿ, ಜೋಳದ ಕಾಳಿಗಿಂತ ಚಿಕ್ಕದಾದ ಆ ಗ್ರಂಥಿಗಳನ್ನು ಆಲ್ಕೊಹಾಲಿನಲ್ಲಿ ಕಾಪಿಡುವುದೇ ಒಂದು ಕಸುಬಾಗಿತ್ತು. 1980ರ ದಶಕದ ಕೊನೆಗೆ ಓವಾಪ್ರಿಮ್‌ನಂಥ ಸಿದ್ಧ ಔಷಧ ಬಂತು. ಹೆಣ್ಣಿಗೆ ಕಿಲೋ ತೂಕಕ್ಕೆ ಅರ್ಧ ಮಿಲಿಲೀಟರಿನಷ್ಟು, ಗಂಡಿಗೆ ಅದಕ್ಕಿಂತ ಕಡಿಮೆ. ಒಂದೇ ಚುಚ್ಚು. ಕೆಲಸ ಎಷ್ಟು ಹಗುರಾಯಿತೆಂದರೆ, ಮೀನಿನ ಬಸುರು ಎಂದರೆ ಆ ಒಂದು ರಾತ್ರಿಯ ವ್ಯವಹಾರ ಎಂದೇ ಎಲ್ಲರೂ ತಿಳಿಯತೊಡಗಿದರು.

ಚೌಧುರಿಯವರ ಸಾಧನೆಯನ್ನು ನಾನು ಕೈಮುಗಿದು ಒಪ್ಪುತ್ತೇನೆ. ನಮ್ಮ ಕೆರೆಗಳಲ್ಲಿ ಇಂದು ಕಾಟ್ಲಾ ಹೊರಳುತ್ತಿದ್ದರೆ ಅದು ಆ ದಿನದ ಫಲ. ಆದರೆ ಸೂಜಿಗೆ ಒಂದು ಮಿತಿಯಿದೆ. ಅದು ಮೀನಿನ ಮಿದುಳಿಗೆ ‘ಹೊಸನೀರು ಬಂತು’ ಎಂಬ ಸುಳ್ಳು ಸುದ್ದಿ ಮುಟ್ಟಿಸುತ್ತದೆ, ಅಷ್ಟೆ. ಬಲಿತ ಮೊಟ್ಟೆ ಅಂಡಾಶಯದಿಂದ ಬಿಡಿಸಿಕೊಳ್ಳುತ್ತದೆ. ಆ ಮೊಟ್ಟೆಯ ಒಳಗಿನ ಭಂಡಾರಕ್ಕೆ ಸೂಜಿ ಒಂದು ಕಾಳನ್ನೂ ಸೇರಿಸುವುದಿಲ್ಲ. ಭಂಡಾರ ತುಂಬುವ ಕೆಲಸ ಹಿಂದಿನ ನಾಲ್ಕೈದು ತಿಂಗಳಲ್ಲೇ ನಡೆದು ಮುಗಿದಿರುತ್ತದೆ.

ಆ ಕೆಲಸ ನಡೆಯುವ ಬಗೆ ಕೇಳುವಂಥದ್ದು. ಚಳಿ ಕಳೆದು ಹಗಲು ಉದ್ದವಾಗುತ್ತ ಹೋದಂತೆ ಹೆಣ್ಣು ಮೀನಿನ ರಕ್ತದಲ್ಲಿ ಈಸ್ಟ್ರೋಜನ್ ಏರುತ್ತದೆ. ಅದರ ಅಪ್ಪಣೆಯಂತೆ ಯಕೃತ್ತು ವಿಟೆಲೊಜೆನಿನ್ ಎಂಬ ವಿಶೇಷ ಪ್ರೋಟೀನನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಕೊಬ್ಬು, ರಂಜಕ, ಸುಣ್ಣ ಎಲ್ಲವನ್ನೂ ಬೆನ್ನಿಗೆ ಕಟ್ಟಿಕೊಂಡ ಹೊರೆಯಾಳು ಅದು. ಅಂಡಾಶಯದ ಲಕ್ಷಾಂತರ ಮೊಟ್ಟೆಗಳು ಅದನ್ನು ರಕ್ತದಿಂದ ಹೀರಿ ತಮ್ಮೊಳಗೆ ಲೋಳೆಯಾಗಿ ಕೂಡಿಡುತ್ತವೆ. ಹದವಾಗಿ ಬಲಿತ ರೋಹುವಿನ ಅಂಡಾಶಯ ಮುಂಗಾರಿನ ಹೊತ್ತಿಗೆ ಮೀನಿನ ಮೈತೂಕದ ಐದನೇ ಒಂದು ಪಾಲಿನವರೆಗೂ ತೂಗುತ್ತದೆ. ಕಿಲೋ ತೂಕಕ್ಕೆ ಒಂದೆರಡು ಲಕ್ಷ ಮೊಟ್ಟೆ. ಒಂದೊಂದಕ್ಕೂ ಪಾಲು ಹಂಚಬೇಕು, ಹಂಚುವ ತಾಯಿಯ ಬಾಯಿಗೆ ಬೀಳುತ್ತಿರುವುದು ತೌಡು ಮಾತ್ರ!

ಮೊಟ್ಟೆಯೊಡೆಯಲು ಹದಿನಾಲ್ಕರಿಂದ ಹದಿನೆಂಟು ಗಂಟೆ ಸಾಕು. ಆದರೆ ಹೊರಬಂದ ಮರಿಗೆ ಉಣ್ಣಲು ಬಾಯಿಯೇ ತೆರೆದಿರುವುದಿಲ್ಲ. ಹೊಟ್ಟೆಯ ಕೆಳಗೆ ಜೋತುಬಿದ್ದ ಲೋಳೆಚೀಲವೇ ಅದರ ಮೂರು ದಿನದ ಅನ್ನ. ಆ ಮೂರು ದಿನದಲ್ಲಿ ಕಣ್ಣು ಮೂಡಬೇಕು, ಮಿದುಳು, ಕರುಳು ಮೂಡಬೇಕು, ಈಜಲು ಬೆನ್ನು ನೆಟ್ಟಗಾಗಬೇಕು. ದೂರದ ಊರಿಗೆ ಹೊರಟ ಮಗುವಿನ ಹೆಗಲಿಗೆ ತಾಯಿ ಬುತ್ತಿ ಕಟ್ಟಿ ಕಳಿಸುತ್ತಾಳಲ್ಲ, ಲೋಳೆಚೀಲ ಎಂದರೆ ಅದೇ. ಬುತ್ತಿಯಲ್ಲಿ ಇಲ್ಲದ್ದು ದಾರಿಯಲ್ಲಿ ಸಿಗುವುದಿಲ್ಲ.

ತಾಯಿಯ ಊಟಕ್ಕೂ ಸಂತಾನಕ್ಕೂ ಇರುವ ಈ ನಂಟನ್ನು ವಿಜ್ಞಾನ ಮೊದಲು ಖಚಿತವಾಗಿ ಹಿಡಿದದ್ದು ಇಲಿಗಳಲ್ಲಿ. 1922ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರಿನ್ ಬಿಷಪ್ ಅವರು ಶುದ್ಧೀಕರಿಸಿದ ಆಹಾರವನ್ನಷ್ಟೇ ಕೊಟ್ಟು ಇಲಿಗಳನ್ನು ಸಾಕಿದ್ದರು. ಇಲಿಗಳು ಆರೋಗ್ಯವಾಗೇ ಇದ್ದವು, ಬಸುರೂ ಆದವು, ಆದರೆ ಭ್ರೂಣಗಳು ಒಡಲಲ್ಲೇ ಕರಗಿಹೋದವು. ಸೊಪ್ಪನ್ನೋ ಗೋಧಿಯ ಮೊಳಕೆಯ ಭಾಗವನ್ನೋ ಸೇರಿಸಿದರೆ ಮರಿ ಉಳಿಯುತ್ತಿತ್ತು. ಆ ಅಜ್ಞಾತ ಅಂಶವೇ ಇಂದಿನ ವಿಟಮಿನ್ ಇ. ಅದರ ರಾಸಾಯನಿಕ ಹೆಸರು ಟೊಕೊಫೆರಾಲ್, ‘ಹೆರಿಗೆಯನ್ನು ಹೊತ್ತು ತರುವುದು’ ಎಂಬ ಅರ್ಥದ ಗ್ರೀಕ್ ಪದಗಳಿಂದ ಬಂದದ್ದು. 1970ರ ದಶಕದಲ್ಲಿ ಜಪಾನಿನ ತಕೇಶಿ ವತನಬೆ ಮತ್ತು ಅವರ ಜೊತೆಗಾರರು ರೋಹು, ಕಾಟ್ಲಾಗಳ ಬಳಗದ ಗೆಂಡೆ ಮೀನಿನಲ್ಲಿ ಇದನ್ನೇ ಪರೀಕ್ಷಿಸಿದರು. ವಿಟಮಿನ್ ಇ ಇಲ್ಲದ ಮೇವು ತಿಂದ ಗೆಂಡೆಗಳ ಅಂಡಾಶಯ ಬೆಳೆಯದೆ ಮುರುಟಿಕೊಂಡಿತ್ತು.

ವಿಟಮಿನ್ ಇ ಇಲ್ಲಿ ಕಾವಲುಗಾರನ ಕೆಲಸ ಮಾಡುತ್ತದೆ. ಮೀನಿನ ಮೊಟ್ಟೆಯಲ್ಲಿ ತುಂಬಿರುವುದು ಬಹುಬೇಗ ಕಮಟಾಗುವ ಜಾತಿಯ ಕೊಬ್ಬು. ಎಣ್ಣೆ ಡಬ್ಬ ತೆರೆದಿಟ್ಟರೆ ಕಮಟು ಹಿಡಿಯುವಂತೆಯೇ ಜೀವಕೋಶದೊಳಗಿನ ಕೊಬ್ಬೂ ಆಮ್ಲಜನಕ ತಾಗಿ ಕೆಡುತ್ತದೆ. ಆ ಕೇಡನ್ನು ತನ್ನ ಮೇಲೆ ಹಾಕಿಕೊಂಡು ಕೊಬ್ಬನ್ನು ಉಳಿಸುವುದು ವಿಟಮಿನ್ ಇ. ಹಾಗಾಗಿ ಯಾರದೋ ಮಾತು ಕೇಳಿ ಮೇವಿಗೆ ಬರೀ ಮೀನೆಣ್ಣೆ ಸುರಿಯುವುದು ಅಪಾಯ. ಎಣ್ಣೆ ಹೆಚ್ಚಿದಷ್ಟೂ ಕಾವಲೂ ಹೆಚ್ಚಬೇಕು. ಇದನ್ನು ಮರೆತು ಹಳೆಯ ಎಣ್ಣೆ ಬೆರೆಸಿದವರ ಮೀನುಗಳು ಮೊಟ್ಟೆ ಹಾಕದಿದ್ದಾಗ ತಪ್ಪು ಸೂಜಿಯ ತಲೆಗೆ ಬರುತ್ತದೆ.

ಹಾಗಾದರೆ ಎಣ್ಣೆ ಯಾಕೆ ಬೇಕು? ನಮ್ಮ ಮರಿ ಕೇಂದ್ರಗಳ ಸಾಂಪ್ರದಾಯಿಕ ಮೇವು ಕಡಲೆಕಾಯಿ ಹಿಂಡಿ, ಅಕ್ಕಿ ತೌಡು, ಸಮಸಮ. ಮೈ ಬೆಳೆಸಲು ಅದು ಒಳ್ಳೆಯದೇ. ಆದರೆ ಅದರಲ್ಲಿರುವ ಕೊಬ್ಬು ಹೆಚ್ಚಾಗಿ ಒಮೆಗಾ-6 ಮತ್ತು ಒಮೆಗಾ-9 ಜಾತಿಯದು. ಮರಿಯ ಕಣ್ಣು, ಮಿದುಳು ಕಟ್ಟಲು ಬೇಕಾದ ಡಿಎಚ್‌ಎ ಎಂಬ ಕೊಬ್ಬು ಒಮೆಗಾ-3ರ ಸಂತತಿ. ಮೊಟ್ಟೆ ಕಳಚಿಕೊಳ್ಳುವ ಕ್ಷಣಕ್ಕೆ ಬೇಕಾದ ಪ್ರೊಸ್ಟಗ್ಲಾಂಡಿನ್‌ಗಳೂ ಇಂಥ ಉದ್ದ ಸರಪಳಿಯ ಕೊಬ್ಬಿನಿಂದಲೇ, ಮುಖ್ಯವಾಗಿ ಅರಾಕಿಡೋನಿಕ್ ಆಮ್ಲದಿಂದ ತಯಾರಾಗುತ್ತವೆ. ನದಿಯಲ್ಲಿದ್ದಾಗ ಮೀನು ಸೂಕ್ಷ್ಮ ಪಾಚಿ, ನೀರುಹುಳ ತಿಂದು ಈ ಕೊಬ್ಬನ್ನು ತಾನೇ ದೊರಕಿಸಿಕೊಳ್ಳುತ್ತಿತ್ತು. ಒತ್ತೊತ್ತಾಗಿ ಮೀನು ತುಂಬಿದ ಕೊಳದಲ್ಲಿ ಅಷ್ಟು ಪಾಚಿ ಎಲ್ಲಿಂದ ಬರಬೇಕು?

ಸಿಹಿನೀರಿನ ಗೆಂಡೆ ಜಾತಿಯ ಮೀನುಗಳಿಗೆ ಒಂದು ಅನುಕೂಲವಿದೆ. ಸಮುದ್ರದ ಬಹಳ ಮೀನುಗಳಿಗೆ ಸಿದ್ಧ ಡಿಎಚ್‌ಎಯನ್ನೇ ಉಣಿಸಬೇಕು. ಗೆಂಡೆಗಳಾದರೋ ಗಿಡಗಳಲ್ಲಿ ಸಿಗುವ ಲಿನೊಲೆನಿಕ್ ಆಮ್ಲವನ್ನು ತಕ್ಕಮಟ್ಟಿಗೆ ಉದ್ದ ಮಾಡಿಕೊಳ್ಳಬಲ್ಲವು. ಆ ಆಮ್ಲ ಹೇರಳವಾಗಿರುವುದು ನಮ್ಮ ಅಗಸೆಯಲ್ಲಿ, ಅದರ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಪಾಲು ಅದೇ. ಬಯಲುಸೀಮೆಯ ಮನೆಗಳಲ್ಲಿ ರೊಟ್ಟಿಯ ಜೊತೆಗೆ ಹಿಂಡಿಪುಡಿಯಾಗಿ ಕೂರುವ ಕಾಳು ಮೀನಿನ ಬಸಿರಿಗೂ ಆಗಿಬರುತ್ತದೆ ಎಂದು ತಿಳಿದಾಗ ನನಗೆ ಖುಷಿಯಾಯಿತು. ಇನ್ನೊಂದು ಮೂಲ ಕರಾವಳಿಯ ಬೂತಾಯಿ ಮೀನು. ಉಳ್ಳಾಲ, ಮುಕ್ಕ ಕಡೆಯ ಕಾರ್ಖಾನೆಗಳಲ್ಲಿ ಮೀನುಹಿಟ್ಟು ಮಾಡುವಾಗ ಬರುವ ಬೂತಾಯಿ ಎಣ್ಣೆಯಲ್ಲಿ ಸಿದ್ಧ ಒಮೆಗಾ-3 ಇದೆ. ಆದರೆ ಬೂತಾಯಿ ಒಂದು ವರ್ಷ ಬಲೆ ಹರಿಯುವಷ್ಟು ಬಂದರೆ ಇನ್ನೊಂದು ವರ್ಷ ಮಾಯ. ಬಡವರ ತಟ್ಟೆಯ ಮೀನನ್ನು ಹಿಂಡಿ ಇನ್ನೊಂದು ಮೀನಿಗೆ ಉಣಿಸುವುದರಲ್ಲೂ ನನಗೆ ಅಳುಕಿದೆ. ತಾಯಿಮೀನುಗಳಿಗೆ ಬೇಕಾಗುವುದು ತೀರ ಸ್ವಲ್ಪ, ಅದರ ಮಟ್ಟಿಗೆ ಒಪ್ಪಬಹುದು. ಮಾಂಸಕ್ಕೆ ಬೆಳೆಸುವ ಮೀನಿಗೂ ಅದನ್ನೇ ಸುರಿಯುವುದನ್ನು ಒಪ್ಪಲಾರೆ.

ಭುವನೇಶ್ವರದ ಹತ್ತಿರ ಕೌಸಲ್ಯಗಂಗಾದಲ್ಲಿ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ಇದೆ. ಬೆಂಗಳೂರಿನ ಹೆಸರಘಟ್ಟದಲ್ಲಿ ಅದರದೇ ಪ್ರಾದೇಶಿಕ ಕೇಂದ್ರವೂ ಇದೆ. ಕೌಸಲ್ಯಗಂಗಾದ ವಿಜ್ಞಾನಿಗಳು ಕಾಟ್ಲಾದ ತಾಯಿಮೀನುಗಳಿಗೆ ಇಂಥ ಕೊಬ್ಬನ್ನು ಸೇರಿಸಿದ ಮೇವು ಕೊಟ್ಟು ಸಂತಾನದ ಫಲಿತಾಂಶವನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಕಾಟ್ಲಾವನ್ನೇ ಆರಿಸಿದ್ದಕ್ಕೆ ಅರ್ಥವಿದೆ. ಮೂರು ದೊಡ್ಡ ಗೆಂಡೆಗಳಲ್ಲಿ ಅತಿ ಬಿಂಕದ್ದು ಅದೇ. ರೋಹು, ಮೃಗಾಲ್ ಸೂಜಿಗೆ ಒಲಿಯುತ್ತವೆ. ಕಾಟ್ಲಾ ಹಲವು ಸಲ ಕೈಕೊಡುತ್ತದೆ, ಅರೆಬರೆ ಮೊಟ್ಟೆ ಹಾಕುತ್ತದೆ, ಹಾಕಿದರೂ ಬೆಳ್ಳಗಾಗುತ್ತದೆ. ಆ ದಾರಿಯಲ್ಲೇ ಮುಂದುವರಿದು ಸಂಸ್ಥೆ ‘ಸಿಫಾಬ್ರೂಡ್’ ಎಂಬ ತಾಯಿಮೀನಿನ ಮೇವನ್ನು ಹೊರತಂದಿತು. ಮುಂಗಾರಿಗೆ ಮೊದಲೇ ಮೀನು ಹದಕ್ಕೆ ಬರುವುದು, ಮೊಟ್ಟೆ ಹೆಚ್ಚು ಫಲಿಸುವುದು, ಬದುಕುವ ಮರಿಗಳು ಹೆಚ್ಚುವುದು ಅದರ ಉದ್ದೇಶ.

ಮುಂಗಾರಿಗೆ ಮೊದಲೇ ಎಂಬ ಮಾತು ಕರ್ನಾಟಕಕ್ಕೆ ಬಂಗಾರದಂಥದ್ದು. ನಮ್ಮ ಬಹುಪಾಲು ಕೆರೆಗಳು ವರ್ಷಪೂರ್ತಿ ತುಂಬಿರುವಂಥವಲ್ಲ. ಜುಲೈ, ಆಗಸ್ಟಿನಲ್ಲಿ ನೀರು ಬಂದು, ಮಾರ್ಚಿಗೆ ತಳ ಕಾಣುವಂಥವು. ಬಿತ್ತನೆ ಮರಿ ಸೆಪ್ಟೆಂಬರಿನಲ್ಲಿ ಕೆರೆ ಸೇರಿದರೆ ಅದು ಬೆಳೆಯುವುದು ಯಾವಾಗ? ಮೊಟ್ಟೆಯಿಂದ ಬೆರಳುದ್ದದ ಮರಿಯಾಗಲು ಎರಡು ಮೂರು ತಿಂಗಳು ಬೇಕು. ಏಪ್ರಿಲ್, ಮೇನಲ್ಲೇ ತಾಯಿಮೀನು ಹದಕ್ಕೆ ಬಂದರೆ ಕೆರೆಗೆ ಮೊದಲ ನೀರು ಬರುವಾಗ ಬೆರಳುದ್ದದ ಮರಿ ಕೈಯಲ್ಲಿರುತ್ತದೆ. ಕೆರೆ ಹಿಡಿದ ಗುತ್ತಿಗೆದಾರನಿಗೆ ಆ ಎರಡು ತಿಂಗಳೇ ಲಾಭ, ನಷ್ಟದ ನಡುವಿನ ಗೆರೆ.

ಆದರೆ ಮೇವು ಬದಲಿಸುವುದು ಯಾವಾಗ ಎಂಬಲ್ಲಿ ನಮ್ಮವರು ಎಡವುತ್ತಾರೆ. ಜಪಾನಿನ ಕೆಂಪು ಕಡಲ ಬ್ರೀಮ್ ಮೀನಿನಲ್ಲಿ ಮೊಟ್ಟೆಯಿಡುವ ದಿನಗಳ ಆಸುಪಾಸಿನಲ್ಲಿ ಮೇವು ಸುಧಾರಿಸಿದರೂ ಮೊಟ್ಟೆಯ ಗುಣ ಬೇಗನೆ ಬದಲಾಗುತ್ತದೆ ಎಂದು ವತನಬೆ ಅವರ ಬಳಗ ಕಂಡುಕೊಂಡಿತ್ತು. ಆ ಮೀನು ವಾರಗಟ್ಟಲೆ ದಿನದಿನವೂ ಸ್ವಲ್ಪಸ್ವಲ್ಪ ಮೊಟ್ಟೆ ಬಲಿಸಿ ಇಡುವಂಥದ್ದು, ಇಂದು ತಿಂದದ್ದು ನಾಳಿದ್ದಿನ ಮೊಟ್ಟೆಗೆ ಸೇರುತ್ತದೆ. ರೋಹು, ಕಾಟ್ಲಾ ಹಾಗಲ್ಲ. ಅವು ಇಡೀ ಹಂಗಾಮಿನ ಮೊಟ್ಟೆಯನ್ನು ಒಟ್ಟಿಗೇ ಬಲಿಸುತ್ತವೆ, ಫೆಬ್ರವರಿಯಿಂದ ಮೇವರೆಗೆ ನಿಧಾನವಾಗಿ. ಜೂನಿನಲ್ಲಿ ಎಣ್ಣೆ, ವಿಟಮಿನ್ನಿನ ಡಬ್ಬಿ ತಂದು ಹದಿನೈದು ದಿನ ಬೆರೆಸಿದರೆ ತುಂಬಿ ಮುಚ್ಚಿದ ಬುತ್ತಿಗೆ ಆಮೇಲೆ ಉಪ್ಪಿನಕಾಯಿ ಹಾಕಲು ಹೊರಟಂತೆ. ಆ ಬೆಳಿಗ್ಗೆ ಮರಿ ಕೇಂದ್ರದಲ್ಲಿ ಇದೇ ಮಾತು ಬಂದಾಗ, ಯಜಮಾನರ ತಾಯಿ ಪಡಸಾಲೆಯಲ್ಲಿ ಕೂತು ನಮ್ಮ ಮಾತು ಕೇಳುತ್ತಿದ್ದವರು ತಟ್ಟನೆ ಹೇಳಿದರು: ‘ಒಂಬತ್ತು ತುಂಬಿದ ಮ್ಯಾಲೆ ತುಪ್ಪ ಹಾಕಿದ್ರೆ ಏನ್ ಬಂತಪ್ಪ, ನೀರು ನಿಂತ ದಿನದಿಂದ ಇಕ್ಕಬೇಕು.’ ಇಷ್ಟು ನೇರವಾಗಿ ಈ ವಿಷಯವನ್ನು ಹೇಳಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಗಂಡು ಮೀನಿನ ಊಟವನ್ನಂತೂ ಯಾರೂ ಕೇಳುವುದಿಲ್ಲ. ಹೊಟ್ಟೆ ಒತ್ತಿದರೆ ಹಾಲಿನಂಥ ವೀರ್ಯ ಜಿನುಗಿದರೆ ಆಯಿತು, ಗಂಡು ತಯಾರು ಎಂದು ಲೆಕ್ಕ. ಆದರೆ ಬಹುತೇಕ ಮೀನುಗಳು ನಮ್ಮ ಹಾಗೆಯೇ ವಿಟಮಿನ್ ಸಿಯನ್ನು ಮೈಯಲ್ಲಿ ತಯಾರಿಸಿಕೊಳ್ಳಲಾರವು, ತಿಂದೇ ಪಡೆಯಬೇಕು. ಟ್ರೌಟ್ ಮೀನಿನ ಮೇಲಿನ ಅಧ್ಯಯನಗಳು, ವೀರ್ಯದ ದ್ರವದಲ್ಲಿ ವಿಟಮಿನ್ ಸಿ ಕಡಿಮೆಯಾದರೆ ವೀರ್ಯಾಣುಗಳ ಚುರುಕು ಮತ್ತು ಫಲಿಸುವ ಶಕ್ತಿ ಕುಗ್ಗುವುದನ್ನು ತೋರಿಸಿವೆ. ಮೊಟ್ಟೆ ಬೆಳ್ಳಗಾದಾಗ ನಾವು ಹೆಣ್ಣನ್ನೇ ದೂರುತ್ತೇವೆ. ಮನುಷ್ಯರ ಮನೆಗಳಲ್ಲೂ ಹೀಗೇ ತಾನೆ.

ಸಾಲ್ಮನ್ ಮೀನಿನ ಮಾತು ಹೇಳದೆ ಇರಲಾರೆ. ಅದರ ಮಾಂಸದ ಕೆಂಪು ಆಸ್ಟಕ್ಸಾಂತಿನ್ ಎಂಬ ವರ್ಣಕದ್ದು, ಸಮುದ್ರದಲ್ಲಿ ಸಿಗಡಿಯಂಥ ಜೀವಿಗಳನ್ನು ತಿಂದು ಬಂದದ್ದು. ಮೊಟ್ಟೆಯಿಡಲು ನದಿಗೆ ಮರಳುವಾಗ ಹೆಣ್ಣು ಊಟ ಬಿಡುತ್ತದೆ. ಮಾಂಸದ ಕೆಂಪು ಸ್ವಲ್ಪಸ್ವಲ್ಪವಾಗಿ ಕರಗಿ ಮೊಟ್ಟೆಗಳಿಗೆ ಇಳಿಯುತ್ತದೆ. ತಾಯಿಯ ಮಾಂಸ ಬಿಳಿಚಿಕೊಳ್ಳುತ್ತದೆ, ಮೊಟ್ಟೆಗಳು ಕೆಂಡದ ಹನಿಗಳಂತೆ ಹೊಳೆಯುತ್ತವೆ. ಈ ವರ್ಣಕವೂ ಕೊಬ್ಬು ಕೆಡದಂತೆ ಕಾಯುವ ಕುಲದ್ದೇ.

ಇಷ್ಟೆಲ್ಲ ಕೇಳಿ, ಹೆಚ್ಚು ಕೊಟ್ಟಷ್ಟೂ ಒಳ್ಳೆಯದು ಎಂದುಕೊಂಡರೆ ಅದೂ ತಪ್ಪು. ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳ ಸಂಶೋಧಕರು ಗಿಲ್ಟ್‌ಹೆಡ್ ಬ್ರೀಮ್ ಎಂಬ ಕಡಲಮೀನಿಗೆ ಒಮೆಗಾ-3 ಕೊಬ್ಬನ್ನು ಅತಿಯಾಗಿ ಕೊಟ್ಟು ನೋಡಿದ್ದಾರೆ. ಮೊಟ್ಟೆಗಳ ಸಂಖ್ಯೆ ಇಳಿಯಿತು, ಮರಿಗಳ ಲೋಳೆಚೀಲ ಅಸಹಜವಾಗಿ ಊದಿಕೊಂಡಿತು. ನಮ್ಮ ಹಳೆಯ ಮರಿ ಕೇಂದ್ರಗಳ ಅನುಭವಿಗಳೂ ಕೊಬ್ಬಿದ ಕಾಟ್ಲಾವನ್ನು ಸೂಜಿಗೆ ಆರಿಸುವುದಿಲ್ಲ. ಹೊಟ್ಟೆ ದಪ್ಪವಾಗಿ ಕಂಡರೂ ಒಳಗೆ ಕೊಬ್ಬಿನ ಪದರವೇ ತುಂಬಿರುತ್ತದೆ. ತಾಯಿಮೀನಿಗೆ ದಿನಕ್ಕೆ ಮೈತೂಕದ ನೂರಕ್ಕೆ ಎರಡು ಮೂರು ಪಾಲು ಮೇವು ಸಾಕು.

ಮೇವಿನಲ್ಲಿ ಏನಿರಬೇಕು ಎಂಬುದರಷ್ಟೇ ಏನಿರಬಾರದು ಎಂಬುದೂ ಮುಖ್ಯ. 1960ರಲ್ಲಿ ಅಮೆರಿಕದ ಟ್ರೌಟ್ ಕೇಂದ್ರಗಳಲ್ಲಿ ಮೀನುಗಳಿಗೆ ಸಾಲುಸಾಲಾಗಿ ಯಕೃತ್ತಿನ ಗಡ್ಡೆ ಕಾಣಿಸಿಕೊಂಡಿತು. ಬೂಷ್ಟು ಹಿಡಿದ ಹತ್ತಿಬೀಜದ ಹಿಂಡಿಯಲ್ಲಿದ್ದ ಅಫ್ಲಾಟಾಕ್ಸಿನ್ ಎಂಬ ವಿಷ ಅದಕ್ಕೆ ಕಾರಣವಾಗಿತ್ತು. ಮೊಟ್ಟೆಯ ಪ್ರೋಟೀನು ತಯಾರಾಗುವುದೇ ಯಕೃತ್ತಿನಲ್ಲಿ ಎಂಬುದನ್ನು ನೆನೆದರೆ ಇದರ ಗಂಭೀರತೆ ತಿಳಿಯುತ್ತದೆ. ನಮ್ಮಲ್ಲಿ ಕಡಲೆಕಾಯಿ ಹಿಂಡಿ ಇಡುವುದು ಸೋರುವ ಶೆಡ್ಡಿನಲ್ಲಿ. ಮೊದಲ ಮಳೆಗೇ ಮೂಲೆಯ ಮೂಟೆಗೆ ಹಸಿರು ಬೂಷ್ಟು. ‘ದನಕ್ಕೆ ಬೇಡ, ಮೀನಿಗೆ ಹಾಕು’ ಎಂಬ ಮಾತನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ದಯವಿಟ್ಟು ಹಾಕಬೇಡಿ. ಇನ್ನು ಹತ್ತಿಕಾಳು ಹಿಂಡಿಯಲ್ಲಿ ಗಾಸಿಪಾಲ್ ಎಂಬ ವಸ್ತುವಿದೆ. ಚೀನಾದ ಕೆಲವು ಹಳ್ಳಿಗಳಲ್ಲಿ ಹಸಿ ಹತ್ತಿಬೀಜದ ಎಣ್ಣೆಯಲ್ಲಿ ಮಾಡಿದ ಅಡುಗೆ ಉಣ್ಣುತ್ತಿದ್ದ ಗಂಡಸರಿಗೆ ಮಕ್ಕಳಾಗದಿದ್ದಾಗ ಅದರ ಗುಣ ಬೆಳಕಿಗೆ ಬಂತು. ತಾಯಿಮೀನಿನ ಕೊಳದ ಹತ್ತಿರ ಆ ಹಿಂಡಿ ಸುಳಿಯದಿರುವುದೇ ಲೇಸು.

ಸಂತಾನ ತಡೆಯಲೆಂದೇ ಮೇವಿಗೆ ಕೆಲವನ್ನು ಬೆರೆಸುವುದೂ ಉಂಟು. 1952ರಲ್ಲಿ ದೇಶಕ್ಕೆ ಬಂದ ತಿಲಾಪಿಯ, ನಮ್ಮ ಜನರ ಬಾಯಲ್ಲಿ ಜಿಲೇಬಿ ಮೀನು, ಸೂಜಿಯ ಹಂಗಿಲ್ಲದೆ ಕೊಳದಲ್ಲೇ ಮರಿ ಹಾಕಿ ಹಾಕಿ, ಕೊನೆಗೆ ಎಲ್ಲವೂ ಅಂಗೈಯಗಲಕ್ಕೇ ನಿಂತುಬಿಡುತ್ತದೆ. ಹಾಗಾಗಿ ತಿಲಾಪಿಯ ಸಾಕುವವರು ಎಳೆ ಮರಿಗಳ ಮೇವಿಗೆ ಮೂರು ನಾಲ್ಕು ವಾರ ಗಂಡು ಹಾರ್ಮೋನು ಬೆರೆಸಿ ಎಲ್ಲವನ್ನೂ ಗಂಡಾಗಿಸುತ್ತಾರೆ. ನೈಜೀರಿಯದ ಸಂಶೋಧಕರು ಪಪ್ಪಾಯಿ ಬೀಜದ ಪುಡಿಯನ್ನು ಬೆರೆಸಿ ಗಂಡು ತಿಲಾಪಿಯದ ಸಂತಾನಶಕ್ತಿ ಕುಗ್ಗುವುದನ್ನು ತೋರಿಸಿದ್ದಾರೆ. ಬಸುರಿಗೆ ಪಪ್ಪಾಯಿ ಬೇಡ ಎನ್ನುವ ನಮ್ಮ ಮನೆಗಳ ಹೆಂಗಸರಿಗೆ ಇದು ಹೊಸ ಸುದ್ದಿಯೇನಲ್ಲ ಅನ್ನಿಸಬಹುದು, ಆದರೆ ಅವರು ಹೇಳುವುದು ಕಾಯಿಯ ಮಾತು, ಇದು ಬೀಜದ್ದು, ಎರಡನ್ನೂ ಕೂಡಿಸಬಾರದು.

ಬೇಡಿಕೆಯಿದ್ದ ಕಡೆ ಅಂಗಡಿ ಏಳುತ್ತದೆ. ಅಂಗಡಿಗಳಲ್ಲಿ ಈಗ ತಾಯಿಮೀನಿನ ಮೇವಿಗೆಂದು ಹೊಳೆಯುವ ಪೊಟ್ಟಣಗಳ ಸಾಲೇ ಇದೆ. ಅಶ್ವಗಂಧ, ಶತಾವರಿ, ಸ್ಪಿರುಲಿನಾ, ಜೀವಾಣುಗಳ ಪುಡಿ. ಇವುಗಳಲ್ಲಿ ಕೆಲವಕ್ಕೆ ಪ್ರಯೋಗಶಾಲೆಯ ಬೆಂಬಲವೂ ಇದೆ. ಜೀಬ್ರಾ ಮೀನಿನ ಮೇವಿಗೆ ಲ್ಯಾಕ್ಟೋಬ್ಯಾಸಿಲಸ್ ಸೇರಿಸಿದಾಗ ಮೊಟ್ಟೆ ಬೇಗ ಬಲಿತದ್ದನ್ನು ಇಟಲಿಯ ಸಂಶೋಧಕರು ದಾಖಲಿಸಿದ್ದಾರೆ. ಆದರೆ ಗಾಜಿನ ತೊಟ್ಟಿಯ ಬೆರಳುದ್ದದ ಮೀನಿಗೂ ಎಕರೆಗಟ್ಟಲೆ ಕೊಳದ ನಾಲ್ಕು ಕಿಲೋ ಕಾಟ್ಲಾಕ್ಕೂ ನಡುವೆ ಬಹಳ ದೂರವಿದೆ. ಒಮ್ಮೆ ನನಗೆ ಪರಿಚಯದ ರೈತರೊಬ್ಬರು ದುಬಾರಿ ವಿಟಮಿನ್ ಸಿ ಪುಡಿ ಕೊಂಡು, ಬಿಸಿ ಗಂಜಿಗೆ ಕಲಸಿ ಹಿಂಡಿಯ ಜೊತೆ ಬೆರೆಸುತ್ತಿದ್ದರು. ಸಾಮಾನ್ಯ ವಿಟಮಿನ್ ಸಿ ಬಿಸಿ ಮತ್ತು ತೇವಕ್ಕೆ ಬೇಗ ಹಾಳಾಗುತ್ತದೆ, ಉಳಿದದ್ದೂ ನೀರಿಗೆ ಬಿದ್ದೊಡನೆ ಕರಗಿಹೋಗುತ್ತದೆ. ಅದಕ್ಕೆಂದೇ ಫಾಸ್ಫೇಟ್ ಜೋಡಿಸಿದ ಗಟ್ಟಿ ರೂಪವೊಂದಿದೆ. ಮಾರಿದವರು ಇದನ್ನು ಹೇಳಿರಲಿಲ್ಲ. ಆ ರೈತರ ಹಣ ಮೀನಿನ ಹೊಟ್ಟೆ ಸೇರದೆ ಕೊಳದ ನೀರಿಗೆ ಸೇರಿತು.

ಮೇವಿನಿಂದ ಗೆಲ್ಲಲಾಗದ ಸಂಗತಿಯೂ ಒಂದಿದೆ. 1990ರಲ್ಲಿ ಏಕನಾಥ್ ಮತ್ತು ಡಾಯ್ಲ್ ಎಂಬ ವಿಜ್ಞಾನಿಗಳು ಕರ್ನಾಟಕದ್ದೇ ಮರಿ ಕೇಂದ್ರಗಳನ್ನು ಪರಿಶೀಲಿಸಿ, ಅಲ್ಲಿನ ಗೆಂಡೆಗಳಲ್ಲಿ ಒಳಸಂಬಂಧದ ಸಂತಾನ ವರ್ಷಕ್ಕೆ ಶೇ 2ರಿಂದ 17ರವರೆಗಿನ ವೇಗದಲ್ಲಿ ಏರುತ್ತಿದೆ ಎಂದು ಲೆಕ್ಕ ಹಾಕಿದರು. ಒಂದೇ ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಕೊಡುವುದರಿಂದ ನಾಲ್ಕಾರು ಜೋಡಿ ಸಾಕೆಂದು ಸುಮ್ಮನಾಗುವುದು, ಅವುಗಳ ಮರಿಗಳಲ್ಲೇ ಮುಂದಿನ ತಾಯಿಮೀನು ಆರಿಸುವುದು, ಅದರಲ್ಲೂ ಮಾರಾಟಕ್ಕೆ ಹೋಗದೆ ಉಳಿದ ಗುಜ್ಜು ಮರಿಗಳನ್ನು ಆರಿಸುವುದು. ಅಣ್ಣ ತಂಗಿಯರ ಸಂತಾನಕ್ಕೆ ಎಂಥ ಒಮೆಗಾ-3 ಹಾಕಿ ಏನು ಪ್ರಯೋಜನ? ಕೌಸಲ್ಯಗಂಗಾದವರು ನಾರ್ವೆಯ ನೆರವಿನಿಂದ ಬೇರೆ ಬೇರೆ ನದಿಗಳ ರೋಹು ತಂದು, ಆಯ್ದು ಬೆಳೆಸಿ, ಸ್ವಾತಂತ್ರ್ಯದ ಸುವರ್ಣ ವರ್ಷದಲ್ಲಿ ಹೊರತಂದ ಜಯಂತಿ ರೋಹು ಈ ರೋಗಕ್ಕೆ ಒಂದು ಮದ್ದು. ಒಳ್ಳೆಯ ರಕ್ತಕ್ಕೆ ಒಳ್ಳೆಯ ಮೇವು ಸೇರಿದಾಗಲೇ ಬುತ್ತಿ ತುಂಬುತ್ತದೆ.

ನನ್ನ ಅಸಮಾಧಾನ ಇರುವುದು ನಾವು ಮರಿ ಕೊಳ್ಳುವ ಕ್ರಮದ ಬಗ್ಗೆ. ಮೂರು ದಿನದ ಮರಿಯನ್ನು ತೂತಿನ ಬಟ್ಟಲಲ್ಲಿ ಅಳೆದು ಇಷ್ಟು ಲಕ್ಷ ಎಂದು ಕೊಡುತ್ತಾರೆ, ಕೊಳ್ಳುವವರೂ ಲಕ್ಷವನ್ನೇ ಕೇಳುತ್ತಾರೆ. ಬುತ್ತಿ ತುಂಬಿ ಬಂದ ಮರಿಗೂ ಬರಿಗೈಯಲ್ಲಿ ಬಂದ ಮರಿಗೂ ಬಟ್ಟಲಲ್ಲಿ ವ್ಯತ್ಯಾಸ ಕಾಣುವುದಿಲ್ಲ, ದರವೂ ಒಂದೇ. ಬರಿಗೈಯದು ನಾಲ್ಕನೇ ದಿನ, ಐದನೇ ದಿನ ಸದ್ದಿಲ್ಲದೆ ತಳ ಸೇರುತ್ತದೆ. ಕೊಂಡವನು ನೀರನ್ನೋ ಹಕ್ಕಿಯನ್ನೋ ಹಣೆಬರಹವನ್ನೋ ಬೈಯುತ್ತಾನೆ. ಹೀಗಿರುವಾಗ ನಾಲ್ಕು ತಿಂಗಳು ಕೈಯಿಂದ ಹಣ ಹಾಕಿ ತಾಯಿಮೀನು ಸಾಕಿದವನಿಗೆ ಸಿಗುವುದೇನು? ತೊಟ್ಟಿ ಕಟ್ಟಲು, ಪಂಪು ಕೂರಿಸಲು ಸಹಾಯಧನವಿದೆ. ಜನವರಿಯಿಂದ ಮೇವರೆಗೆ ತಾಯಿಮೀನಿಗೆ ಹಾಕುವ ಮೇವನ್ನೂ ಅಷ್ಟೇ ಮುಖ್ಯ ಖರ್ಚೆಂದು ಕಾಣುವ, ಮೇವಿನ ದಾಖಲೆ ನೋಡಿ ಮರಿಗೆ ಒಂದಿಷ್ಟು ಹೆಚ್ಚು ದರ ಕೊಡುವ ಏರ್ಪಾಡು ಬರಬೇಕು. ಕೊಳ್ಳುವವರಾದರೂ ‘ತಾಯಿಗೆ ಏನು ಹಾಕಿದ್ರಿ, ಯಾವಾಗಿಂದ ಹಾಕಿದ್ರಿ’ ಎಂದು ಒಂದು ಮಾತು ಕೇಳಲಿ.

ಸಂಕ್ರಾಂತಿ ಕಳೆದ ವಾರ ಅದೇ ಮರಿ ಕೇಂದ್ರಕ್ಕೆ ಮತ್ತೆ ಹೋಗಿದ್ದೆ. ದುಂಡು ತೊಟ್ಟಿಗಳು ಒಣಗಿ, ಅವುಗಳಲ್ಲಿ ಅಡಿಕೆ ಸಿಪ್ಪೆ ಬಿದ್ದಿತ್ತು. ಶೆಡ್ಡಿನ ನೆಲದ ಮೇಲೆ ಟಾರ್ಪಾಲು ಹಾಸಿ, ಯಜಮಾನರು ಮತ್ತು ಹುಡುಗ ಮೇವು ಕಲಸುತ್ತಿದ್ದರು. ರಾತ್ರಿ ನೆನೆಸಿದ ಹಿಂಡಿ, ತೌಡು, ಸೋಯಾ ಹಿಟ್ಟು, ಸ್ವಲ್ಪ ಮೀನುಹಿಟ್ಟು. ನೂರು ಕಿಲೋಗೆ ಒಂದು ಕಿಲೋ ಖನಿಜ ಮತ್ತು ವಿಟಮಿನ್ ಮಿಶ್ರಣ. ಕೊನೆಗೆ ಯಜಮಾನರು ಅಗಸೆ ಎಣ್ಣೆಯ ಡಬ್ಬದ ಮುಚ್ಚಳ ತೆಗೆದು ಮೊದಲು ಮೂಸಿ ನೋಡಿದರು. ಕಮಟಿಲ್ಲ. ಆಮೇಲೆ ಅಂಗೈಯ ಮೇಲೆ ಸುರಿದುಕೊಂಡು, ಚಪಾತಿ ಹಿಟ್ಟಿಗೆ ಎಣ್ಣೆ ಸವರುವಂತೆ ರಾಶಿಗೆಲ್ಲ ತಿಕ್ಕಿದರು.

ತೂತು ಚೀಲಗಳಿಗೆ ತುಂಬಿ ಕೊಳದ ನಡುವಿನ ಬಿದಿರ ಗಳುಗಳಿಗೆ ನೇತುಹಾಕಿ ಬಂದೆವು. ಸ್ವಲ್ಪ ಹೊತ್ತಿಗೆ ಗಳು ಅಲುಗತೊಡಗಿತು. ‘ಈ ಸಲ ಹೊರಗಿಂದ ಒಂದು ಮೀನೂ ತರಂಗಿಲ್ಲ’ ಎಂದರು ಯಜಮಾನರು, ನೀರಿನ ಮೇಲಿಂದ ಕಣ್ಣು ತೆಗೆಯದೆ. ಮೇಲ್ನೀರಿನಲ್ಲಿ ಒಂದು ಕಾಟ್ಲಾದ ದೊಡ್ಡ ತಲೆ ಕಂಡು ಮರೆಯಾಯಿತು, ಅದರ ಹಿಂದೆಯೇ ಇನ್ನೊಂದು.